ಅಗಿ ಮಡಿಯಲ್ಲಿ ಸಿಕ್ಕ ಉತ್ತರ: ಡಾ. ಡಿ. ಜೆ. ಭಾಗ್ಯರಾಜ್ ಅವರ ಕೆಲಸ

ಧಾರವಾಡದ ಕೃಷಿ ಕಾಲೇಜು ಶುರುವಾದದ್ದು 1947ರಲ್ಲಿ. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ನಮ್ಮ ಕಾಲೇಜು ಅದರ ಭಾಗವಾಯಿತು. 1986ರಲ್ಲಿ ಧಾರವಾಡಕ್ಕೇ ಸ್ವಂತ ವಿಶ್ವವಿದ್ಯಾಲಯ ಬಂತು. ಈ ನಡುವಿನ ವರ್ಷಗಳನ್ನು ನೆನೆಯುವಾಗ ಕಟ್ಟಡ, ಕುಲಪತಿಗಳ ಜೊತೆಗೆ ಒಬ್ಬ ಮಣ್ಣಿನ ಸೂಕ್ಷ್ಮಜೀವಿ ವಿಜ್ಞಾನಿಯನ್ನೂ ನೆನೆಯಬೇಕು. ಡಾ. ಡಿ. ಜೆ. ಭಾಗ್ಯರಾಜ್ ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ. ಆದರೂ ಆ ಕೆಲಸ ಕುಂದಗೋಳದ ಮೆಣಸಿನಕಾಯಿ ಹೊಲಕ್ಕೆ, ನವಲಗುಂದದ ಉಳ್ಳಾಗಡ್ಡಿಗೆ ನೇರವಾಗಿ ಸಂಬಂಧಿಸಿದ್ದು.

ನಮ್ಮ ಎರಿ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು. ಹಾಕಿದ ಡಿಎಪಿಯಲ್ಲಿನ ರಂಜಕದ ದೊಡ್ಡ ಪಾಲು ಆ ಸುಣ್ಣಕ್ಕೆ ಅಂಟಿಕೊಂಡು ಗಿಡಕ್ಕೆ ದಕ್ಕುವುದಿಲ್ಲ. ರಂಜಕ ಮಣ್ಣಿನಲ್ಲಿ ಸರಿದಾಡುವುದೂ ಕಡಿಮೆ. ಬೇರಿನ ಮಗ್ಗುಲಲ್ಲಿದ್ದದ್ದು ತೀರಿದರೆ ಸ್ವಲ್ಪ ದೂರದಲ್ಲಿರುವುದು ಅಲ್ಲೇ ಉಳಿಯುತ್ತದೆ. ಭಾಗ್ಯರಾಜ್ ಕೆಲಸ ಮಾಡಿದ ಮೈಕೊರೈಜಾ ಎಂಬ ಶಿಲೀಂಧ್ರ ಬೇರಿನೊಳಗೆ ನೆಲೆಸಿ, ಕೂದಲಿಗಿಂತ ಸಣ್ಣ ಎಳೆಗಳನ್ನು ಹೊರಗೆ ಹಬ್ಬಿಸಿ ಆ ದೂರದ ರಂಜಕವನ್ನು ತರುತ್ತದೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ.

ತೊಡಕು ಬೇರೆಯೇ ಇತ್ತು. ಅಣ್ಣಿಗೇರಿ ಕಡೆಯ ರೈತ ಕಡಲೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚುವ ರೈಜೋಬಿಯಂ ಅನ್ನು ಪ್ರಯೋಗಾಲಯದಲ್ಲೇ ಬೆಳೆಸಿ ಪೊಟ್ಟಣ ಕಟ್ಟಬಹುದು. ಈ ಶಿಲೀಂಧ್ರ ಹಾಗಲ್ಲ. ಅದಕ್ಕೆ ಜೀವಂತ ಬೇರೇ ಬೇಕು. ಇಡೀ ಹೊಲಕ್ಕೆ ಸಾಲುವಷ್ಟನ್ನು ಎಲ್ಲಿಂದ ತರುವುದು?

1982ರಲ್ಲಿ ಭಾಗ್ಯರಾಜ್ ಮತ್ತು ಕೆ. ಆರ್. ಶ್ರೀರಾಮುಲು ಅವರು ‘ಪ್ಲಾಂಟ್ ಅಂಡ್ ಸಾಯಿಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೆಣಸಿನಕಾಯಿ ಪ್ರಯೋಗದಲ್ಲಿ ಇದಕ್ಕೆ ಉತ್ತರವಿದೆ. ಹೊಲಕ್ಕೆಲ್ಲ ಹಾಕುವುದು ಬೇಡ. ಅಗಿ ಬೆಳೆಸುವಾಗಲೇ ಶಿಲೀಂಧ್ರವನ್ನು ಬೇರಿಗೆ ಹತ್ತಿಸಿ, ಆಮೇಲೆ ಹೊಲಕ್ಕೆ ಹಚ್ಚಿ. ಹಾಗೆ ಹಚ್ಚಿದ ಗಿಡಗಳ ಬೆಳವಣಿಗೆ, ಇಳುವರಿ ಎರಡೂ ಹೆಚ್ಚಿದವು. ರಂಜಕ ಗೊಬ್ಬರವೂ ಉಳಿಯಿತು. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಇದೇ. ರೈತ ಮೊದಲಿನಿಂದ ಮಾಡುತ್ತ ಬಂದ ಕೆಲಸದ ಒಂದು ಹಂತಕ್ಕೇ ಅವರು ವಿಜ್ಞಾನವನ್ನು ಕೂಡಿಸಿದರು.

1984ರಲ್ಲಿ ನ್ಯೂಜಿಲೆಂಡಿನ ಪೊವೆಲ್ ಜೊತೆ ಸಂಪಾದಿಸಿದ ಮೈಕೊರೈಜಾ ಗ್ರಂಥದಿಂದ ಅವರ ಹೆಸರು ಹೊರದೇಶಗಳಿಗೂ ತಲುಪಿತು. ಜಿ. ರಂಗಸ್ವಾಮಿ ಅವರೊಂದಿಗೆ ಬರೆದ ‘ಅಗ್ರಿಕಲ್ಚರಲ್ ಮೈಕ್ರೋಬಯಾಲಜಿ’ ಕೃಷಿ ವಿದ್ಯಾರ್ಥಿಗಳ ಪಠ್ಯವಾಯಿತು.

ಈಗ ನಮ್ಮಲ್ಲಿ ಅಗಿಯನ್ನು ನರ್ಸರಿಯಿಂದ ಕೊಂಡು ತರುವವರು ಬಹಳ. ಹಾಗಾಗಿ ಅಗಿಯಲ್ಲೇ ಶಿಲೀಂಧ್ರ ಹತ್ತಿಸುವ ಈ ಮಾತನ್ನು ರೈತರಿಗಿಂತ ಮೊದಲು ನರ್ಸರಿಯವರಿಗೆ ಮುಟ್ಟಿಸಬೇಕು. ಅಗಿಗೆ ರಂಜಕ ಗೊಬ್ಬರ ಅತಿಯಾದರೆ ಬೇರಿನಲ್ಲಿ ಶಿಲೀಂಧ್ರ ಸರಿಯಾಗಿ ನೆಲೆಯೂರುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.