ಟೇಕ್‌ಡೌನ್ ರಿಮ್‌ಫೈರ್ ರೈಫಲ್

ಟೇಕ್‌ಡೌನ್ ರಿಮ್‌ಫೈರ್ ರೈಫಲ್ ಎಂಬುದು ಉಪಕರಣಗಳ ನೆರವಿಲ್ಲದೆ ಎರಡು ಅಥವಾ ಹೆಚ್ಚು ಭಾಗಗಳಾಗಿ ಬಿಚ್ಚಿ ಮತ್ತೆ ಜೋಡಿಸಬಹುದಾದ ಸಣ್ಣ ಕ್ಯಾಲಿಬರಿನ ಬಂದೂಕು. ಇಂತಹ ಬಹುಪಾಲು ಬಂದೂಕುಗಳಲ್ಲಿ .22 ಲಾಂಗ್ ರೈಫಲ್ ಎಂಬ ತೋಟಾ ಬಳಕೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇವು ಪ್ರಚಲಿತವಾಗಿವೆ. ಗುರಿ ಅಭ್ಯಾಸ, ಸಣ್ಣ ಪ್ರಾಣಿಗಳ ಬೇಟೆ ಮತ್ತು ಶಿಬಿರವಾಸಗಳಿಗೆ ಹಾಗೂ ವಿಮಾನ, ದೋಣಿಗಳ ತುರ್ತು ಸಾಮಗ್ರಿಯಾಗಿ ಇವನ್ನು ಬಳಸಲಾಗುತ್ತದೆ. ಒಯ್ಯುವುದೂ ಇಡುವುದೂ ಸುಲಭವಾಗಿರುವುದು ಇವುಗಳ ಮುಖ್ಯ ಗುಣ. ಬಿಚ್ಚಿ ಜೋಡಿಸುವ ಕೀಲಿನಿಂದಾಗಿ ಗುರಿಯ ಸ್ಥಿರತೆ ಕುಗ್ಗಬಹುದಾದುದು ಮುಖ್ಯ ಮಿತಿ. ಈ ಮಿತಿ ಎಷ್ಟರಮಟ್ಟಿಗೆ ಬಾಧಿಸುತ್ತದೆ ಎಂಬುದು ಕೀಲು ಎಲ್ಲಿದೆ, ಗುರಿ ನೋಡುವ ಸಾಧನ ಯಾವ ಭಾಗದ ಮೇಲಿದೆ ಎಂಬ ಎರಡು ಸಂಗತಿಗಳನ್ನು ಅವಲಂಬಿಸಿದೆ.

ರಿಮ್‌ಫೈರ್ ತೋಟಾ

ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕವು ತೋಟಾದ ಬುಡದ ಟೊಳ್ಳಾದ ಅಂಚಿನ ಒಳಗೆ ಹರಡಿರುತ್ತದೆ. ಬಂದೂಕಿನ ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಅಂಚು ಜಜ್ಜಿಹೋಗುವಷ್ಟು ತೆಳುವಾಗಿರಬೇಕಾದ ಕಾರಣ ಈ ತೋಟಾಗಳಲ್ಲಿ ಹೆಚ್ಚಿನ ಒತ್ತಡವನ್ನು ಬಳಸಲಾಗದು. ಬಂದೂಕು ಹಗುರವಾಗಿರಲು ಮತ್ತು ಬಿಚ್ಚುವ ಕೀಲು ಸರಳವಾಗಿರಲು ಈ ಕಡಿಮೆ ಒತ್ತಡವೇ ಅವಕಾಶ ನೀಡುತ್ತದೆ.

.22 ಲಾಂಗ್ ರೈಫಲ್ ತೋಟಾವನ್ನು 1887ರಲ್ಲಿ ಅಮೆರಿಕದ ಸ್ಟೀವನ್ಸ್ ಸಂಸ್ಥೆ ಹೊರತಂದಿತು. ಇದರ ಸಾಮಾನ್ಯ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. 50 ತೋಟಾಗಳ ಪೆಟ್ಟಿಗೆಯ ತೂಕ 200 ಗ್ರಾಮಿಗಿಂತ ಕಡಿಮೆ.

ರಚನೆ

ಬಿಚ್ಚುವ ರೀತಿಯ ಆಧಾರದ ಮೇಲೆ ಈ ರೈಫಲ್‌ಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲ ಬಗೆಯಲ್ಲಿ ನಳಿಗೆಯು ರಿಸೀವರಿನಿಂದ, ಅಂದರೆ ಬೋಲ್ಟ್ ಚಲಿಸುವ ಲೋಹದ ಚೌಕಟ್ಟಿನಿಂದ, ಬೇರ್ಪಡುತ್ತದೆ. ರೂಗರ್ 10/22 ಟೇಕ್‌ಡೌನ್, ಬ್ರೌನಿಂಗ್ ಎಸ್‌ಎ-22 ಮತ್ತು ಎಆರ್-7 ಈ ಬಗೆಗೆ ಸೇರಿವೆ. ರೂಗರ್ ಮಾದರಿಯಲ್ಲಿ ಬೋಲ್ಟನ್ನು ಹಿಂದಕ್ಕೆಳೆದು ನಿಲ್ಲಿಸಿ, ಕೆಳಗಿನ ಸಣ್ಣ ಸನ್ನೆಯನ್ನು ಒತ್ತಿ, ನಳಿಗೆಯನ್ನು ತಿರುಗಿಸಿ ಹೊರತೆಗೆಯಲಾಗುತ್ತದೆ. ಕೀಲು ಸವೆದು ಸಡಿಲವಾದಲ್ಲಿ ಬಿಗಿಗೊಳಿಸಲು ಹೊಂದಾಣಿಕೆಯ ಉಂಗುರವಿರುತ್ತದೆ. ಬ್ರೌನಿಂಗ್ ಮಾದರಿಯಲ್ಲಿಯೂ ಇದೇ ಉದ್ದೇಶದ ಉಂಗುರವಿದೆ.

ಎರಡನೆಯ ಬಗೆಯಲ್ಲಿ ನಳಿಗೆಯು ರಿಸೀವರಿನ ಮುಂಭಾಗಕ್ಕೆ ಶಾಶ್ವತವಾಗಿ ಬಿಗಿದಿರುತ್ತದೆ. ಹಿಡಿಯಿರುವ ಹಿಂಭಾಗ ಮಾತ್ರ ಕಳಚಿಕೊಳ್ಳುತ್ತದೆ. ವಿಂಚೆಸ್ಟರ್ ಮಾದರಿ 1890 ಮತ್ತು ಮಾರ್ಲಿನ್ ಮಾದರಿ 39 ಈ ಬಗೆಯವು. ಇವುಗಳಲ್ಲಿ ರಿಸೀವರಿನ ಪಕ್ಕದಲ್ಲಿರುವ ದೊಡ್ಡ ತಲೆಯ ತಿರುಪನ್ನು ಕೈಬೆರಳಿನಿಂದಲೇ ಸಡಿಲಿಸಬಹುದು. ಇಂತಹ ಬಂದೂಕುಗಳಲ್ಲಿ ನಳಿಗೆ ಹಾಗೂ ಗುರಿ ನೋಡುವ ಸಾಧನಗಳ ನಡುವಿನ ಸಂಬಂಧ ಕದಲುವುದಿಲ್ಲ. ಆದರೆ ಬಿಚ್ಚಿದ ನಂತರವೂ ಮುಂಭಾಗ ಸಾಕಷ್ಟು ಉದ್ದವಾಗಿಯೇ ಉಳಿಯುತ್ತದೆ.

ಇತಿಹಾಸ

ರೈಲು ಮತ್ತು ಸೈಕಲ್ ಪ್ರಯಾಣ ಹೆಚ್ಚಿದ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಚೀಲದಲ್ಲಿ ಹಿಡಿಸುವ ಸಣ್ಣ ರೈಫಲ್‌ಗಳಿಗೆ ಅಮೆರಿಕದಲ್ಲಿ ಬೇಡಿಕೆಯಿತ್ತು. ಬ್ರೌನಿಂಗ್ ಸಹೋದರರು ವಿನ್ಯಾಸಗೊಳಿಸಿದ ವಿಂಚೆಸ್ಟರ್ ಮಾದರಿ 1890ರ ಆರಂಭದ ಬಂದೂಕುಗಳು ಬಿಡಿಸಲಾಗದವಾಗಿದ್ದು, ಅನಂತರದವು ಟೇಕ್‌ಡೌನ್ ರೂಪದಲ್ಲಿ ಬಂದವು. ಜಾತ್ರೆ, ಮೇಳಗಳ ಗುರಿ ಹೊಡೆಯುವ ಅಂಗಡಿಗಳಲ್ಲಿ ಈ ಮಾದರಿ ಬಹಳ ಜನಪ್ರಿಯವಾಗಿತ್ತು.

ಜಾನ್ ಬ್ರೌನಿಂಗ್ ರೂಪಿಸಿದ ಅರೆ-ಸ್ವಯಂಚಾಲಿತ .22 ರೈಫಲನ್ನು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ 1914ರಲ್ಲಿ ತಯಾರಿಸಲಾರಂಭಿಸಿತು. ಇದೇ ವಿನ್ಯಾಸವನ್ನು ಅಮೆರಿಕದ ರೆಮಿಂಗ್ಟನ್ ಸಂಸ್ಥೆ 1922ರಿಂದ ಮಾದರಿ 24 ಎಂಬ ಹೆಸರಿನಲ್ಲಿ ಮಾರಿತು. 1970ರ ದಶಕದಲ್ಲಿ ಇದರ ತಯಾರಿಕೆ ಜಪಾನಿನ ಮಿರೋಕು ಸಂಸ್ಥೆಗೆ ವರ್ಗಾವಣೆಯಾಯಿತು.

ಎರಡನೆಯ ಮಹಾಯುದ್ಧದ ನಂತರ ನಿರ್ಜನ ಪ್ರದೇಶದಲ್ಲಿ ಇಳಿಯಬೇಕಾಗಿ ಬಂದ ವಿಮಾನ ಸಿಬ್ಬಂದಿಗೆ ಆಹಾರ ಸಂಪಾದಿಸಲು ನೆರವಾಗುವ ಬಂದೂಕುಗಳನ್ನು ಅಮೆರಿಕದ ವಾಯುಪಡೆ ಅರಸಿತು. ಆರ್ಮಲೈಟ್ ಸಂಸ್ಥೆ ಇದಕ್ಕಾಗಿ ರೂಪಿಸಿದ ಎಆರ್-5 ಮಾದರಿಯು ರಿಮ್‌ಫೈರ್ ಅಲ್ಲದ .22 ಹಾರ್ನೆಟ್ ತೋಟಾವನ್ನು ಬಳಸುತ್ತಿತ್ತು. ಅದರ ಕಲ್ಪನೆಯನ್ನೇ ಆಧರಿಸಿ ಯೂಜಿನ್ ಸ್ಟೋನರ್ ನಾಗರಿಕರಿಗಾಗಿ ವಿನ್ಯಾಸಗೊಳಿಸಿದ .22 ಲಾಂಗ್ ರೈಫಲ್ ಬಂದೂಕು ಎಆರ್-7. 1959ರಲ್ಲಿ ಹೊರಬಂದ ಈ ಬಂದೂಕಿನ ನಳಿಗೆ, ರಿಸೀವರ್ ಮತ್ತು ಮ್ಯಾಗಜೀನ್‌ಗಳನ್ನು ಅದರ ಟೊಳ್ಳಾದ ಪ್ಲಾಸ್ಟಿಕ್ ಹಿಡಿಯೊಳಗೇ ತುಂಬಿಡಬಹುದು. ಹಾಗೆ ತುಂಬಿದ ಹಿಡಿ ನೀರಿನಲ್ಲಿ ತೇಲುತ್ತದೆ. ಈಗ ಹೆನ್ರಿ ಸಂಸ್ಥೆ ತಯಾರಿಸುವ ಇದರ ರೂಪವು ಸುಮಾರು 1.6 ಕಿ.ಗ್ರಾಂ ತೂಗುತ್ತದೆ, ಕಟ್ಟಿದಾಗಿನ ಉದ್ದ ಸುಮಾರು 42 ಸೆಂ.ಮೀ. 1963ರ ಜೇಮ್ಸ್ ಬಾಂಡ್ ಚಲನಚಿತ್ರ ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ಎಆರ್-7 ಕಾಣಿಸಿಕೊಂಡಿದೆ.

ರೂಗರ್ ಸಂಸ್ಥೆಯ 10/22 ರೈಫಲ್ 1964ರಿಂದ ಮಾರುಕಟ್ಟೆಯಲ್ಲಿದೆ. ಅದರ ಟೇಕ್‌ಡೌನ್ ರೂಪವು 2012ರಲ್ಲಿ ಬಂದ ನಂತರ ಈ ವರ್ಗದ ಬಂದೂಕುಗಳತ್ತ ಆಸಕ್ತಿ ಮತ್ತೆ ಹೆಚ್ಚಿತು.

ಅನುಕೂಲಗಳು

ಸಾಗಣೆ: ಸುಮಾರು ಒಂದು ಮೀಟರ್ ಉದ್ದದ ಬಂದೂಕು ಬಿಚ್ಚಿದಾಗ ಬೆನ್ನಚೀಲದಲ್ಲಿ ಹಿಡಿಸುತ್ತದೆ. ಸಣ್ಣ ವಿಮಾನ, ದೋಣಿ ಅಥವಾ ಕಾಲುದಾರಿಯ ಪ್ರಯಾಣದಲ್ಲಿ ಇದು ಗಣನೀಯ ಅನುಕೂಲ. ಉದ್ದನೆಯ ಬಂದೂಕಿನ ನಳಿಗೆ ಗಿಡಗಂಟಿಗಳಿಗೆ ಸಿಲುಕುವ ತೊಂದರೆಯೂ ಇರುವುದಿಲ್ಲ.

ಸುರಕ್ಷಿತ ಸಂಗ್ರಹ: ನಳಿಗೆಯನ್ನು ಒಂದು ಬೀಗದ ಪೆಟ್ಟಿಗೆಯಲ್ಲಿಯೂ ಉಳಿದ ಭಾಗವನ್ನು ಇನ್ನೊಂದರಲ್ಲಿಯೂ ಇಡಬಹುದು. ಮಕ್ಕಳ ಕೈಗೆ ಅಥವಾ ಕಳ್ಳರ ಕೈಗೆ ಒಂದು ಭಾಗ ಸಿಕ್ಕರೂ ಅದರಿಂದ ಗುಂಡು ಹಾರಿಸುವುದು ಸುಲಭವಲ್ಲ.

ಶುಚಿಗೊಳಿಸುವಿಕೆ: ಸಾಮಾನ್ಯ 10/22ರಂತಹ ಬಂದೂಕುಗಳಲ್ಲಿ ರಿಸೀವರಿನ ಹಿಂಬದಿ ಮುಚ್ಚಿರುವುದರಿಂದ ಶುಚಿಗೊಳಿಸುವ ಸರಳನ್ನು ನಳಿಗೆಯ ಬಾಯಿಯ ಕಡೆಯಿಂದ ತೂರಿಸಬೇಕಾಗುತ್ತದೆ. ಇದರಿಂದ ಬಾಯಿಯ ಅಂಚು ಸವೆದು ಗುರಿ ಕೆಡುವ ಸಂಭವವಿದೆ. ನಳಿಗೆ ಕಳಚಿಕೊಳ್ಳುವ ಮಾದರಿಗಳಲ್ಲಿ ಸರಳನ್ನು ತೋಟಾ ಕೂರುವ ಹಿಂಬದಿಯಿಂದಲೇ ತೂರಿಸಬಹುದು.

ಮಿತವ್ಯಯ ಮತ್ತು ಕಲಿಕೆ: ತೋಟಾಗಳು ಅಗ್ಗವಾಗಿದ್ದು ಹಿಮ್ಮೊಗೆತ ತೀರ ಕಡಿಮೆಯಿರುತ್ತದೆ. ಹೊಸದಾಗಿ ಗುರಿ ಕಲಿಯುವವರಿಗೆ ಇದು ಸಹಾಯಕ. ಆದರೆ ಈ ಗುಣ ಎಲ್ಲ .22 ರಿಮ್‌ಫೈರ್ ಬಂದೂಕುಗಳಿಗೂ ಸಮಾನವಾದುದು.

ಮಿತಿಗಳು

ಗುರಿಯ ಸ್ಥಿರತೆ: ನಳಿಗೆ ಮತ್ತು ಗುರಿ ನೋಡುವ ಸಾಧನದ ನಡುವೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಓರೆಯುಂಟಾದರೂ ಗುಂಡು ಬೀಳುವ ಸ್ಥಳವು 50 ಮೀಟರ್ ದೂರದಲ್ಲಿ ಸುಮಾರು 1.5 ಸೆಂ.ಮೀ., 100 ಮೀಟರ್ ದೂರದಲ್ಲಿ ಸುಮಾರು 3 ಸೆಂ.ಮೀ. ಸರಿಯುತ್ತದೆ. ಹತ್ತಿರದ ತಗಡಿನ ಡಬ್ಬಿಗೆ ಗುರಿಯಿಡುವವರಿಗೆ ಇದು ಲೆಕ್ಕಕ್ಕೆ ಬಾರದು. ಆದರೆ ಅಂತಾರಾಷ್ಟ್ರೀಯ 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. ಆಗಿರುವುದರಿಂದ ಅಲ್ಲಿ ಇಷ್ಟು ವ್ಯತ್ಯಾಸ ನಿರ್ಣಾಯಕವಾಗುತ್ತದೆ.

ಗುರಿ ನೋಡುವ ಹಿಂದಿನ ಕಂಡಿ ಮತ್ತು ಮುಂದಿನ ಮೊನೆ ಎರಡೂ ನಳಿಗೆಯ ಮೇಲೆಯೇ ಇದ್ದರೆ ಕೀಲು ಅಲ್ಪ ಸಡಿಲವಾದರೂ ಗುರಿ ಹೆಚ್ಚು ಬದಲಾಗದು. ರೂಗರ್ ಟೇಕ್‌ಡೌನ್‌ನ ಲೋಹದ ಗುರಿಸಾಧನಗಳು ಹೀಗಿವೆ; ಆದರೆ ಅದೇ ಬಂದೂಕಿನ ರಿಸೀವರಿನ ಮೇಲೆ ದುರ್ಬೀನು ಜೋಡಿಸಿದರೆ ಕೀಲಿನ ಪ್ರತಿಯೊಂದು ಸಡಿಲವೂ ಗುರಿಯಲ್ಲಿ ಕಾಣಿಸುತ್ತದೆ. ಎಆರ್-7ರಲ್ಲಿ ಮುಂದಿನ ಮೊನೆ ನಳಿಗೆಯ ಮೇಲೆ, ಹಿಂದಿನ ಕಂಡಿ ರಿಸೀವರಿನ ಮೇಲೆ ಇರುವುದರಿಂದ ಈ ತೊಡಕು ಸಹಜವಾಗಿಯೇ ಇದೆ. ಬ್ರೌನಿಂಗ್ ಮಾದರಿಗೆ ದುರ್ಬೀನನ್ನು ನಳಿಗೆಗೇ ಬಿಗಿಯುವ ಪಟ್ಟಿಗಳನ್ನು ಬಳಸುವುದು ಇದೇ ಕಾರಣದಿಂದ. ಪ್ರತಿ ಜೋಡಣೆಯ ನಂತರ ಕೆಲವು ಗುಂಡುಗಳನ್ನು ಹಾರಿಸಿ ಗುರಿಯನ್ನು ಪರೀಕ್ಷಿಸುವುದು ರೂಢಿ.

ಬೆಲೆ ಮತ್ತು ನಿರ್ವಹಣೆ: ಕೀಲಿಗೆ ನಿಖರವಾದ ಯಂತ್ರಕೆಲಸ ಬೇಕಾಗುವುದರಿಂದ ಅದೇ ಮಾದರಿಯ ಸಾಮಾನ್ಯ ಬಂದೂಕಿಗಿಂತ ಟೇಕ್‌ಡೌನ್ ರೂಪದ ಬೆಲೆ ಹೆಚ್ಚು. ಕೀಲಿನ ಮುಖಗಳಲ್ಲಿ ಮರಳು ಅಥವಾ ಮಸಿ ಸೇರಿದರೆ ಜೋಡಣೆ ಪೂರ್ಣವಾಗುವುದಿಲ್ಲ. ತೇವವಿರುವ ಚೀಲದಲ್ಲಿ ದೀರ್ಘಕಾಲ ಇಟ್ಟರೆ ತುಕ್ಕು ಹಿಡಿಯುತ್ತದೆ.

ಸಿದ್ಧತೆಯ ವಿಳಂಬ: ಬಂದೂಕು ಬೇಕಾದ ಕ್ಷಣದಲ್ಲಿ ಜೋಡಿಸಬೇಕಾಗುತ್ತದೆ. ಚಳಿಯಲ್ಲಿ ಮರಗಟ್ಟಿದ ಕೈಗಳಿಂದ ಅಥವಾ ಕತ್ತಲಿನಲ್ಲಿ ಇದು ಸುಲಭವಲ್ಲ. ಒಂದು ಸಣ್ಣ ಭಾಗ ಕಳೆದರೂ ಬಂದೂಕು ನಿರುಪಯುಕ್ತವಾಗುತ್ತದೆ.

ತೋಟಾದ ಮಿತಿ: ತುರ್ತು ಬಳಕೆಯ ಬಂದೂಕು ಎಂಬ ಹೆಸರಿನಿಂದ ಇವುಗಳ ಸಾಮರ್ಥ್ಯದ ಬಗ್ಗೆ ಅತಿಯಾದ ನಿರೀಕ್ಷೆ ಹುಟ್ಟುವುದುಂಟು. ಈ ತೋಟಾ ಮೊಲ, ಅಳಿಲುಗಳಂತಹ ಸಣ್ಣ ಪ್ರಾಣಿಗಳಿಗೆ ತಕ್ಕುದಾಗಿದೆ. ದೊಡ್ಡ ಪ್ರಾಣಿ ಇದರಿಂದ ಗಾಯಗೊಂಡು ನರಳುವ ಸಾಧ್ಯತೆಯೇ ಹೆಚ್ಚು. ಕರಡಿಯಂತಹ ಪ್ರಾಣಿಯಿಂದ ರಕ್ಷಣೆಗೆ ಇದನ್ನು ನಂಬಲಾಗದು. ಅಂಚಿನ ಒಳಗೆ ರಾಸಾಯನಿಕವು ಸಮವಾಗಿ ಹರಡದಿದ್ದರೆ ತೋಟಾ ಸಿಡಿಯದೆ ಉಳಿಯುತ್ತದೆ. ಅಂಚು ಒಮ್ಮೆ ಜಜ್ಜಿಹೋಗುವುದರಿಂದ ಖಾಲಿ ಚಿಪ್ಪನ್ನು ಮರುಬಳಕೆಗಾಗಿ ತುಂಬುವ ರೂಢಿಯೂ ಇಲ್ಲ.

ಸುರಕ್ಷತೆ

ಬಿಚ್ಚುವ ಮೊದಲು ಮ್ಯಾಗಜೀನನ್ನು ತೆಗೆದು, ನಳಿಗೆಯ ಹಿಂಬದಿಯಲ್ಲಿ ತೋಟಾ ಉಳಿದಿಲ್ಲವೆಂಬುದನ್ನು ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳಬೇಕು. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಬಂದೂಕು ಖಾಲಿಯಾಗುವುದಿಲ್ಲ. ಜೋಡಿಸುವ ಮೊದಲು ನಳಿಗೆಯೊಳಗೆ ಮಣ್ಣು, ಬಟ್ಟೆಯ ಚೂರು ಅಥವಾ ಬೇರೆ ಅಡಚಣೆ ಇಲ್ಲವೆಂಬುದನ್ನು ಪರೀಕ್ಷಿಸಬೇಕು. ಕೀಲು ಪೂರ್ಣವಾಗಿ ಕಚ್ಚಿಕೊಳ್ಳದೆ ಗುಂಡು ಹಾರಿಸುವುದು ಅಪಾಯಕರ.

ಗುಂಡು ಸಣ್ಣದೆಂಬ ಉಪೇಕ್ಷೆಯೂ ಅಪಾಯಕ್ಕೆ ಕಾರಣವಾಗುತ್ತದೆ. .22 ಲಾಂಗ್ ರೈಫಲ್ ಗುಂಡು ಒಂದೂವರೆ ಕಿಲೋಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ದೂರ ಹೋಗಬಲ್ಲದು, ಮನುಷ್ಯನನ್ನು ಕೊಲ್ಲಬಲ್ಲದು. ನೀರು ಅಥವಾ ಗಟ್ಟಿ ನೆಲಕ್ಕೆ ತಗುಲಿ ದಿಕ್ಕು ಬದಲಿಸಿ ಚಿಮ್ಮುವ ಸ್ವಭಾವವೂ ಅದಕ್ಕಿದೆ. ಆದ್ದರಿಂದ ಗುರಿಯ ಹಿಂದೆ ಮಣ್ಣಿನ ದಿಬ್ಬದಂತಹ ತಡೆ ಇರಬೇಕು. ಕಣ್ಣು ಮತ್ತು ಕಿವಿಗಳಿಗೆ ರಕ್ಷಣೆ ಬೇಕು.

ಕಾನೂನು

ಭಾಗಗಳಾಗಿ ಬಿಚ್ಚಿಟ್ಟ ಮಾತ್ರಕ್ಕೆ ಬಂದೂಕು ಕಾನೂನಿನ ವ್ಯಾಪ್ತಿಯಿಂದ ಹೊರಗುಳಿಯುವುದಿಲ್ಲ. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ರಿಸೀವರ್ ಒಂದೇ ಇದ್ದರೂ ಅದು ಬಂದೂಕು ಎಂದೇ ಪರಿಗಣಿತವಾಗುತ್ತದೆ. ಅಲ್ಲಿ ವಿಶೇಷ ನೋಂದಣಿಯಿಲ್ಲದ ರೈಫಲಿನ ನಳಿಗೆ ಕನಿಷ್ಠ 16 ಅಂಗುಲ, ಒಟ್ಟು ಉದ್ದ ಕನಿಷ್ಠ 26 ಅಂಗುಲ ಇರಬೇಕು. ವಿಮಾನ ಪ್ರಯಾಣದಲ್ಲಿ ಖಾಲಿ ಮಾಡಿದ ಬಂದೂಕನ್ನು ಗಟ್ಟಿ ಕವಚದ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ವಿಮಾನಸಂಸ್ಥೆಗೆ ತಿಳಿಸಿ, ಕೈಚೀಲದಲ್ಲಲ್ಲದೆ ಸರಕಿನ ಸಾಮಾನಿನಲ್ಲಿಯೇ ಸಾಗಿಸಬೇಕು. ಬ್ರಿಟನ್ನಿನಲ್ಲಿ 1988ರ ಕಾಯಿದೆ ಅರೆ-ಸ್ವಯಂಚಾಲಿತ ರೈಫಲ್‌ಗಳನ್ನು ನಿಷೇಧಿಸಿದರೂ .22 ರಿಮ್‌ಫೈರ್ ಬಂದೂಕುಗಳಿಗೆ ವಿನಾಯಿತಿ ನೀಡಿತು. ಅವುಗಳಿಗೆ ಪೊಲೀಸ್ ಪ್ರಮಾಣಪತ್ರ ಅಗತ್ಯ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯು ಬಂದೂಕಿನ ಬಿಡಿಭಾಗಗಳನ್ನೂ ಬಂದೂಕಿನ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ಆದುದರಿಂದ ಪರವಾನಗಿಯಿಲ್ಲದೆ ಬಿಚ್ಚಿದ ಬಂದೂಕನ್ನು ಹೊಂದುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಗರಿಷ್ಠ ಎರಡು ಬಂದೂಕುಗಳನ್ನು ಹೊಂದಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕಾಡುಪ್ರಾಣಿಗಳ ಬೇಟೆ ನಿಷಿದ್ಧವಾಗಿರುವುದರಿಂದ ಅಮೆರಿಕದಲ್ಲಿರುವ ಬೇಟೆಯ ಬಳಕೆ ಇಲ್ಲಿ ಅನ್ವಯಿಸದು. ದೇಶದಲ್ಲಿ .22 ರಿಮ್‌ಫೈರ್ ರೈಫಲ್‌ಗಳ ಪ್ರಮುಖ ಕ್ಷೇತ್ರ ಕ್ರೀಡೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಇದೇ ತೋಟಾ ಬಳಕೆಯಾಗುತ್ತದೆ. ಆದರೆ ಅಲ್ಲಿ ಬಳಸುವುದು ಭಾರವಾದ ನಳಿಗೆಯನ್ನು ಗಟ್ಟಿಯಾಗಿ ಬಿಗಿದ ಸ್ಪರ್ಧಾ ರೈಫಲ್‌ಗಳನ್ನು, ಟೇಕ್‌ಡೌನ್ ಮಾದರಿಗಳನ್ನಲ್ಲ.