ಎರವಲು ನುಡಿಗಟ್ಟು ದೇಸಿಯಾಗುವ ಬಗೆ: ಇಂಗ್ಲಿಷಿನ ಚರಿತ್ರೆಯಿಂದ ಕೆಲವು ಸಾಕ್ಷ್ಯಗಳು

1. ಪ್ರಶ್ನೆಯ ಸ್ವರೂಪ

ನುಡಿಗಟ್ಟು ಅನುವಾದಕ್ಕೆ ಒಗ್ಗದು ಎಂಬ ಮಾತು ನಮ್ಮ ಭಾಷಾಪಾಠಗಳಲ್ಲಿ ಬಹುಕಾಲದಿಂದ ಸೂತ್ರದಂತೆ ನೆಲೆನಿಂತಿದೆ. ಅವಯವಾರ್ಥಗಳನ್ನು ಕೂಡಿಸಿದರೂ ಸಮುದಾಯಾರ್ಥ ದೊರೆಯದಿರುವುದೇ ನುಡಿಗಟ್ಟಿನ ಲಕ್ಷಣ. ಆದ್ದರಿಂದ ಪದಕ್ಕೆ ಪದವಿಟ್ಟು ಅನುವಾದಿಸಿದರೆ ಅರ್ಥ ಕೈಜಾರುತ್ತದೆ ಎಂಬುದು ಇದರ ಹಿಂದಿನ ತರ್ಕ. ಇದೇ ತರ್ಕದ ಇನ್ನೊಂದು ಮುಖವಾಗಿ, ಇಂಗ್ಲಿಷಿನ ಪಡಿಯಚ್ಚಿನಂತೆ ಬಂದ ಕನ್ನಡ ಪ್ರಯೋಗಗಳನ್ನು ಕನ್ನಡದ ಜಾಯಮಾನಕ್ಕೆ ಹೊಂದದವೆಂದು ತಳ್ಳಿಹಾಕುವ ವಾಡಿಕೆಯೂ ಬೆಳೆದಿದೆ.

ಈ ಸೂತ್ರವನ್ನು ಇಂಗ್ಲಿಷಿನ ಚರಿತ್ರೆಯೇ ಪ್ರಶ್ನಿಸುತ್ತದೆ. ಇಂದು ಅಪ್ಪಟ ಇಂಗ್ಲಿಷೆಂದು ನಾವು ಬೋಧಿಸುವ ಹಲವು ನುಡಿಗಟ್ಟುಗಳು ಗ್ರೀಕ್, ಲ್ಯಾಟಿನ್ ಮತ್ತು ಹೀಬ್ರೂ ಭಾಷೆಗಳಿಂದ ಅನುವಾದದ ದಾರಿಯಲ್ಲೇ ಬಂದವು. ಕೆಲವಂತೂ ಮೂಲವನ್ನು ಬೇರೆಯಾಗಿ ಓದಿದ್ದರಿಂದಲೇ ಇಂದಿನ ರೂಪ ಪಡೆದವು. ಇಂಥ ಕೆಲವು ನುಡಿಗಟ್ಟುಗಳ ಪ್ರಯಾಣವನ್ನು ಈ ಲೇಖನದಲ್ಲಿ ಪರಿಶೀಲಿಸಿ, ನಾವು ಒಂದು ವಾದವನ್ನು ಮುಂದಿಡುತ್ತೇವೆ: ಎರವಲು ನುಡಿಗಟ್ಟಿನ ಚಿತ್ರ ಹೊರಗಿನಿಂದ ಬರಬಹುದು, ಅದು ದೇಸಿಯಾಗುವುದು ಮಾತ್ರ ಉಪಸರ್ಗ, ವಿಭಕ್ತಿ, ಕ್ರಿಯಾಪದಗಳಂಥ ಸಣ್ಣ ಅಂಗಗಳಲ್ಲಿ.

2. ಇರಾಸ್ಮಸ್‌ನ ಸಂಗ್ರಹ

ಗ್ರೀಕ್ ಮತ್ತು ಲ್ಯಾಟಿನ್ ನುಡಿಗಳ ‘ಅಡಾಜಿಯಾ’ ಎಂಬ ಸಂಗ್ರಹವನ್ನು ಇರಾಸ್ಮಸ್ ಮೊದಲು ಪ್ರಕಟಿಸಿದ್ದು 1500ರಲ್ಲಿ, ಪ್ಯಾರಿಸ್‌ನಲ್ಲಿ. 1508ರ ವೆನಿಸ್ ಆವೃತ್ತಿಯಲ್ಲಿ ಅದು ಬಹಳವಾಗಿ ಹಿಗ್ಗಿತು; ಆತ ತೀರಿಕೊಂಡ 1536ರ ಹೊತ್ತಿಗೆ ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನುಡಿಗಳಿದ್ದವು. ಯುರೋಪಿನ ದೇಶಭಾಷೆಗಳಿಗೆ ಈ ಗ್ರಂಥವು ಒಂದು ಕಣಜವಾಯಿತು. ಸಾಧ್ಯವಿರುವ ಎಲ್ಲ ಯತ್ನವನ್ನೂ ಮಾಡು ಎಂಬರ್ಥದ ‘ಲೀವ್ ನೋ ಸ್ಟೋನ್ ಅನ್‌ಟರ್ನ್‌ಡ್’ (ಒಂದು ಕಲ್ಲನ್ನೂ ಮಗುಚದೆ ಬಿಡಬೇಡ) ಎಂಬುದು ಗ್ರೀಕ್ ಮೂಲದ್ದು. ಅದರ ಲ್ಯಾಟಿನ್ ರೂಪ ಇರಾಸ್ಮಸ್‌ನ ಸಂಗ್ರಹದಲ್ಲಿದೆ.

ನಮ್ಮ ವಾದಕ್ಕೆ ಹೆಚ್ಚು ಒದಗುವುದು ‘ಕಾಲ್ ಎ ಸ್ಪೇಡ್ ಎ ಸ್ಪೇಡ್’, ಅಂದರೆ ಸಲಿಕೆಯನ್ನು ಸಲಿಕೆ ಎಂದೇ ಕರೆ. ಇದ್ದದ್ದನ್ನು ಇದ್ದಹಾಗೆ, ಮುಲಾಜಿಲ್ಲದೆ ಹೇಳು ಎಂಬುದು ಇದರ ಅರ್ಥ. ಪ್ಲೂಟಾರ್ಕ್ ಹೇಳುವ ಪ್ರಸಂಗವೊಂದರಲ್ಲಿ, ತಮ್ಮನ್ನು ದ್ರೋಹಿಗಳೆಂದು ಕರೆಯುತ್ತಾರೆಂದು ಕೆಲವರು ಮ್ಯಾಸಿಡೋನಿಯದ ದೊರೆ ಫಿಲಿಪ್ಪನಲ್ಲಿ ದೂರುತ್ತಾರೆ. ತನ್ನ ನಾಡಿನವರು ಒರಟರು, ‘ಸ್ಕಾಫೆ’ಯನ್ನು ‘ಸ್ಕಾಫೆ’ ಎಂದೇ ಕರೆಯುವವರು ಎಂದು ಆತ ಉತ್ತರಿಸುತ್ತಾನೆ. ಗ್ರೀಕಿನಲ್ಲಿ ‘ಸ್ಕಾಫೆ’ ಎಂದರೆ ತೊಟ್ಟಿ, ಮರಿಗೆ. ಇರಾಸ್ಮಸ್ ಅದಕ್ಕೆ ಇಟ್ಟ ಲ್ಯಾಟಿನ್ ಪದವಾದರೋ ‘ಲಿಗೊ’, ಅಂದರೆ ಗುದ್ದಲಿ. ಅಗೆಯುವ ಉಪಕರಣವನ್ನು ಹೇಳುವ, ರೂಪದಲ್ಲಿ ಹತ್ತಿರವಾದ ಇನ್ನೊಂದು ಗ್ರೀಕ್ ಪದದೊಡನೆ ಅವನು ಇದನ್ನು ಬೆಸೆದಿರಬಹುದು. ಅದು ತಪ್ಪೋ ಆಯ್ಕೆಯೋ ಎಂಬ ಚರ್ಚೆ ಹಾಗಿರಲಿ. 1542ರಲ್ಲಿ ನಿಕೊಲಸ್ ಯೂಡಲ್ ಇರಾಸ್ಮಸ್‌ನ ‘ಅಪೊಫ್ತೆಗ್ಮಾಟಾ’ವನ್ನು ಇಂಗ್ಲಿಷಿಗೆ ತಂದಾಗ ಗುದ್ದಲಿ ಸಲಿಕೆಯಾಯಿತು. ಗ್ರೀಕರ ಮರಿಗೆ ಹೀಗೆ ಎರಡು ಹೆಜ್ಜೆಯಲ್ಲಿ ಇಂಗ್ಲಿಷರ ಸಲಿಕೆಯಾಗಿ ಬದಲಾದರೂ ನುಡಿಗಟ್ಟಿನ ಅರ್ಥ ಕದಲಲಿಲ್ಲ. ಅಲ್ಲಿ ಬೇಕಾದದ್ದು ಯಾವುದೋ ಒಂದು ಸಾಮಾನ್ಯ, ಸೊಗಸಿಲ್ಲದ ವಸ್ತು. ಅದನ್ನು ಅದರ ಹೆಸರಿನಿಂದಲೇ ಕರೆಯುವ ಪುನರುಕ್ತಿಯೇ ಅರ್ಥವನ್ನು ಹೊತ್ತಿದೆ.

‘ಪ್ಯಾಂಡೊರಾಸ್ ಬಾಕ್ಸ್’ ಕೂಡ ಇದೇ ಬಗೆಯದು. ಹೆಸಿಯಡ್‌ನ ಕಾವ್ಯದಲ್ಲಿ ಪಂಡೋರಾ ತೆರೆದದ್ದು ‘ಪಿತೊಸ್’, ಅಂದರೆ ಧಾನ್ಯವನ್ನೋ ಮದ್ಯವನ್ನೋ ತುಂಬಿಡುವ ದೊಡ್ಡ ಗುಡಾಣ. ಇರಾಸ್ಮಸ್‌ನ ಲ್ಯಾಟಿನ್‌ನಲ್ಲಿ ಅದು ‘ಪಿಕ್ಸಿಸ್’ ಎಂಬ ಕೈಹಿಡಿಯ ಕರಡಿಗೆಯಾಯಿತು. ಇಂಗ್ಲಿಷಿನ ಪೆಟ್ಟಿಗೆ, ನಮ್ಮ ಪತ್ರಿಕೆಗಳ ‘ಪಂಡೋರಾ ಪೆಟ್ಟಿಗೆ’ ಎರಡೂ ಆ ಕರಡಿಗೆಯ ಸಂತಾನ. ಮೂಲಕ್ಕೆ ನಿಷ್ಠವಾಗಿರಬೇಕೆಂದು ಇಂದು ಯಾರಾದರೂ ‘ಪಂಡೋರಾ ಗುಡಾಣ’ ಎಂದು ಬರೆದರೆ ಅದು ಚರಿತ್ರೆಯ ದೃಷ್ಟಿಯಿಂದ ಸರಿ, ರೂಢಿಯ ದೃಷ್ಟಿಯಿಂದ ತಪ್ಪು.

3. ಹೀಬ್ರೂವಿನಿಂದ ಬಂದವು

ಬೈಬಲ್ ಅನುವಾದಕರದು ಬೇರೆ ದಾರಿ. ಹೀಬ್ರೂವಿನ ಸ್ವಭಾವ ಲ್ಯಾಟಿನ್ನಿಗಿಂತ ಇಂಗ್ಲಿಷಿಗೇ ಹೆಚ್ಚು ಹೊಂದುತ್ತದೆಂದು ವಿಲಿಯಂ ಟಿಂಡೇಲ್ 1528ರಲ್ಲಿ ವಾದಿಸಿದ್ದನು. ಶಬ್ದಶಃ ಅನುವಾದಕ್ಕೆ ಇದೊಂದು ತಾತ್ತ್ವಿಕ ಸಮರ್ಥನೆ. ಪಾಷಂಡಿಯೆಂಬ ಆರೋಪ ಹೊತ್ತ ಟಿಂಡೇಲ್ 1536ರಲ್ಲಿ ಮರಣದಂಡನೆಗೆ ಗುರಿಯಾದನು. ಆದರೆ ಆತನ ಮಾರ್ಗ 1560ರ ಜಿನೀವಾ ಬೈಬಲಿನಲ್ಲೂ 1611ರ ಅಧಿಕೃತ ಅನುವಾದದಲ್ಲೂ ಮುಂದುವರಿಯಿತು.

ಯೋಬನ ಗ್ರಂಥದ 19ನೆಯ ಅಧ್ಯಾಯದಲ್ಲಿ ‘ಹಲ್ಲಿನ ಚರ್ಮ’ ಎಂಬ ಮಾತು ಬರುತ್ತದೆ. ಹಲ್ಲಿಗೆ ಚರ್ಮವಿಲ್ಲ, ಮೂಲದಲ್ಲಿಯೇ ಇದು ಕ್ಲಿಷ್ಟ. ಲ್ಯಾಟಿನ್‌ನಲ್ಲಿ ಜೆರೋಮ್ ಇದನ್ನು ಹಲ್ಲಿನ ಸುತ್ತ ಉಳಿದ ತುಟಿಗಳೆಂದು ಬಿಡಿಸಿದನು. 1535ರಲ್ಲಿ ಕವರ್ಡೇಲ್ ಹಲ್ಲಿನ ಸುತ್ತಲಿನ ಚರ್ಮವೆಂದನು. ಇಬ್ಬರೂ ಅರ್ಥವಾಗುವಂತೆ ಹೇಳಿದರು. ಜಿನೀವಾದ ಅನುವಾದಕರು ಮಾತ್ರ ಕ್ಲಿಷ್ಟತೆಯನ್ನು ಹಾಗೆಯೇ ಉಳಿಸಿ, ಹಲ್ಲಿನ ಚರ್ಮದೊಡನೆ ಪಾರಾದೆ ಎಂದು ಬರೆದರು. ನುಡಿಗಟ್ಟಾಗಿ ಬೆಳೆದದ್ದು ಅರ್ಥವಾಗುವ ಅನುವಾದವಲ್ಲ, ಅರ್ಥವಾಗದ್ದೇ. ಇಂದು ಅದರ ಅರ್ಥ ಕೂದಲೆಳೆಯ ಅಂತರದಲ್ಲಿ ಪಾರಾಗುವುದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜಿನೀವಾ ಮತ್ತು 1611ರ ಪಾಠಗಳಲ್ಲಿರುವ ಉಪಸರ್ಗ ‘ವಿತ್’. ಇಂದಿನ ಬಳಕೆಯಲ್ಲಿರುವುದು ‘ಬೈ’. ಚರ್ಮವು ಮೊದಲು ಪಾರಾದವನ ಬಳಿ ಉಳಿದ ವಸ್ತುವಾಗಿತ್ತು. ಈಗ ಅದು ಪಾರಾದ ಅಂತರದ ಅಳತೆ. ಹೀಬ್ರೂವಿನ ಒಂದೇ ಉಪಸರ್ಗ ಹಲವು ಅರ್ಥಗಳನ್ನು ಹೊರಬಲ್ಲುದು; ಇಂಗ್ಲಿಷ್ ಅವುಗಳ ನಡುವೆ ಆರಿಸಬೇಕಾಯಿತು, ತರುವಾಯ ಆಯ್ಕೆಯನ್ನು ಬದಲಿಸಿಕೊಂಡಿತು.

ಯೆಶಾಯನ ಗ್ರಂಥದ 40ನೆಯ ಅಧ್ಯಾಯದ ಹನಿಯ ಕಥೆಯೂ ಹೀಗೆಯೇ. ದೇವರ ಮುಂದೆ ಜನಾಂಗಗಳು ಕೊಡದಿಂದ ಉದುರುವ ಹನಿಯಷ್ಟೇ ಎಂಬುದು ಅಲ್ಲಿನ ಭಾವ. ಹೀಬ್ರೂವಿನಲ್ಲಿರುವುದು ‘ಇಂದ’ ಎಂಬರ್ಥದ ರೂಪ. 1611ರ ಪಾಠದಲ್ಲಿ ಅದು ‘ಆಫ್’ ಆಯಿತು. ಇಂದಿನ ಇಂಗ್ಲಿಷರು ಹೇಳುವುದು ‘ಎ ಡ್ರಾಪ್ ಇನ್ ದ ಬಕೆಟ್’. ಕೊಡದಿಂದ ಹೊರಗೆ ಬೀಳುತ್ತಿದ್ದ ಹನಿ ಈಗ ಕೊಡದೊಳಗೆ ಬೀಳುತ್ತಿದೆ. ಹೊರಬಿದ್ದ ಹನಿ ಲೆಕ್ಕಕ್ಕಿಲ್ಲದ್ದು. ಒಳಬಿದ್ದ ಹನಿ ಸಾಲದ್ದು. ಅರ್ಥ ನಗಣ್ಯತೆಯಿಂದ ಅಪರ್ಯಾಪ್ತತೆಯ ಕಡೆಗೆ ಜರುಗಿದೆ. ‘ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ನಮ್ಮ ಗಾದೆ ಇಂದಿನ ಇಂಗ್ಲಿಷ್ ಪ್ರಯೋಗಕ್ಕೆ ಸರಿಹೊಂದುತ್ತದೆ. ಯೆಶಾಯನ ಮಾತಿಗೆ ಹೊಂದುವುದಿಲ್ಲ. ಒಂದು ಉಪಸರ್ಗದ ಪಲ್ಲಟ ಇಷ್ಟು ದೂರ ಒಯ್ಯಬಲ್ಲುದು.

4. ಗಡಿ ದಾಟದವು

ಹಾಗಾದರೆ ಎಲ್ಲ ನುಡಿಗಟ್ಟುಗಳೂ ಭಾಷೆಯಿಂದ ಭಾಷೆಗೆ ಹೀಗೆ ಸಾಗುತ್ತವೆಯೆ? ಇಲ್ಲ. ‘ಕಿಕ್ ದ ಬಕೆಟ್’ ಎಂಬುದನ್ನು ಫ್ರಾನ್ಸಿಸ್ ಗ್ರೋಸ್ 1785ರ ತನ್ನ ಗ್ರಾಮ್ಯಭಾಷೆಯ ನಿಘಂಟಿನಲ್ಲಿ ‘ಸಾಯು’ ಎಂಬ ಅರ್ಥದಲ್ಲಿ ದಾಖಲಿಸಿದನು. ನೇಣು ಹಾಕಿಕೊಳ್ಳುವವನು ಕಾಲ ಕೆಳಗಿನ ಬಕೆಟ್ಟನ್ನು ಒದೆಯುವ ಕಥೆಯೂ, ಕೊಯ್ದ ಹಂದಿಯನ್ನು ತೂಗುಹಾಕುವ ತೊಲೆಗೆ ಪ್ರಾಂತೀಯ ಇಂಗ್ಲಿಷಿನಲ್ಲಿ ‘ಬಕೆಟ್’ ಎಂಬ ಹೆಸರಿದ್ದ ಸಂಗತಿಯೂ ಇದರ ವಿವರಣೆಗೆ ಬಂದಿವೆ. ಎರಡನೆಯದಕ್ಕೆ ಉಪಭಾಷೆಯ ಆಧಾರವಿದೆ. ಆದರೂ ಇಂದಿನ ಭಾಷಿಕನ ಮನಸ್ಸಿನಲ್ಲಿ ಬಕೆಟ್ಟಿಗೆ ಯಾವ ಅರ್ಥವೂ ಇಲ್ಲ.

ನನ್‌ಬರ್ಗ್, ಸ್ಯಾಗ್ ಮತ್ತು ವಾಸೊ 1994ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ಭೇದವನ್ನು ಸ್ಪಷ್ಟಪಡಿಸಿತು. ಗುಟ್ಟು ರಟ್ಟುಮಾಡು ಎಂಬರ್ಥದ ‘ಸ್ಪಿಲ್ ದ ಬೀನ್ಸ್’ನಲ್ಲಿ ‘ಚೆಲ್ಲು’ ಎಂಬುದು ರಟ್ಟುಮಾಡುವುದಕ್ಕೂ ‘ಕಾಳು’ ಗುಟ್ಟಿಗೂ ಸಲ್ಲುತ್ತದೆ; ಆದ್ದರಿಂದ ಅದನ್ನು ಕರ್ಮಣಿಗೆ ತಿರುಗಿಸಬಹುದು. ‘ಕಿಕ್ ದ ಬಕೆಟ್’ನಲ್ಲಿ ಅಂಥ ಹಂಚಿಕೆಯಿಲ್ಲ, ಕರ್ಮಣಿಗೆ ತಿರುಗಿಸಿದೊಡನೆ ನಿಜವಾದ ಬಕೆಟ್ ಪ್ರತ್ಯಕ್ಷವಾಗುತ್ತದೆ. ಕನ್ನಡದ ‘ಗೊಟಕ್ಕೆನ್ನು’, ‘ನೆಗೆದುಬೀಳು’ ಎಂಬುವೂ ಈ ವರ್ಗದವೇ.

ಅವಯವಗಳಿಗೆ ಅರ್ಥ ಹಂಚಿಕೆಯಾಗುವ ನುಡಿಗಟ್ಟು ಅನುವಾದದಲ್ಲಿ ಉಳಿಯಬಲ್ಲುದು, ಹಂಚಿಕೆಯಾಗದ್ದು ಉಳಿಯಲಾರದು ಎಂದು ಇದರಿಂದ ಊಹಿಸಬಹುದು. ‘ಹಲ್ಲಿನ ಚರ್ಮ’ ಈ ಊಹೆಗೆ ಅಪವಾದ. ಹಂಚಿಕೆ ಅಸ್ಪಷ್ಟವಾಗಿದ್ದರೂ ಅದು ದಾಟಿಬಂದದ್ದು, ಪದವನ್ನು ಬದಲಿಸಲು ಹಿಂಜರಿಯುವಷ್ಟು ಪೂಜ್ಯವಾದ ಪಠ್ಯವೊಂದು ಅದನ್ನು ಹೊತ್ತು ತಂದದ್ದರಿಂದ. ಗ್ರೋಸ್ ದಾಖಲಿಸಿದ ಗ್ರಾಮ್ಯಕ್ಕೆ ಅಂಥ ವಾಹನ ದೊರೆಯಲಿಲ್ಲ. ಆದ್ದರಿಂದ ನುಡಿಗಟ್ಟಿನ ಸಂಚಾರಕ್ಕೆ ಚಿತ್ರದ ಪಾರದರ್ಶಕತೆ, ಪಠ್ಯದ ಅಧಿಕಾರ ಎಂಬ ಎರಡು ಪ್ರತ್ಯೇಕ ಕಾರಣಗಳನ್ನು ಒಪ್ಪಬೇಕಾಗುತ್ತದೆ.

5. ಕನ್ನಡದ ಸಂದರ್ಭ

ಇಂಗ್ಲಿಷ್ ಸಂಪರ್ಕದಿಂದ ಕನ್ನಡ ಬರೆಹದಲ್ಲಿ ನೆಲೆಗೊಂಡ ಪ್ರಯೋಗಗಳನ್ನು ಈ ಬೆಳಕಿನಲ್ಲಿ ನೋಡೋಣ. ‘ಪ್ಲೇ ಎ ರೋಲ್’ ಎಂಬುದು ಕನ್ನಡದಲ್ಲಿ ‘ಪಾತ್ರ ಆಡು’ ಆಗಲಿಲ್ಲ, ‘ಪಾತ್ರ ವಹಿಸು’ ಆಯಿತು, ಆಟವಾಗಿದ್ದದ್ದು ಹೊಣೆಯಾಯಿತು. ‘ಥ್ರೋ ಲೈಟ್’ ಎಂಬುದು ‘ಬೆಳಕು ಎಸೆ’ ಆಗದೆ ‘ಬೆಳಕು ಚೆಲ್ಲು’ ಆಯಿತು. ಕನ್ನಡದಲ್ಲಿ ಬೆಳಕು ಕಲ್ಲಿನಂತಲ್ಲ, ನೀರಿನಂತೆ, ಹೂವಿನಂತೆ ವರ್ತಿಸುತ್ತದೆ. ‘ಲಯನ್ಸ್ ಶೇರ್’ ಷಷ್ಠಿಯನ್ನು ತೊರೆದು ‘ಸಿಂಹಪಾಲು’ ಎಂಬ ಸಮಾಸವಾಯಿತು. ‘ವೈಟ್ ಎಲಿಫೆಂಟ್’ ಎಂಬ ನಾಮಪದ ‘ಬಿಳಿಯಾನೆ ಸಾಕು’ ಎಂಬಲ್ಲಿ ತನ್ನದೇ ಕ್ರಿಯಾಪದವನ್ನು ಹುಡುಕಿಕೊಂಡಿತು. ಇಂಗ್ಲಿಷಿನಲ್ಲಿ ‘ವಿತ್’ ‘ಬೈ’ ಆದಂತೆ, ‘ಆಫ್’ ‘ಇನ್’ ಆದಂತೆ, ಇಲ್ಲಿಯೂ ಚಿತ್ರ ಹೊರಗಿನದು, ಕಟ್ಟು ಒಳಗಿನದು.

ಇದಕ್ಕೆ ವಿರುದ್ಧ ಸಾಕ್ಷ್ಯವೂ ಉಂಟು. ದಾನಿಯೇಲನ ಗ್ರಂಥದಲ್ಲಿ ಬೆಲ್ಶಚ್ಚರನ ಅರಮನೆಯ ಗೋಡೆಯ ಮೇಲೆ ಕೈಯೊಂದು ಬರೆಯುವ ಪ್ರಸಂಗದಿಂದ ಇಂಗ್ಲಿಷಿಗೆ ‘ದ ರೈಟಿಂಗ್ ಆನ್ ದ ವಾಲ್’ ಬಂದಿತು. ಸನ್ನಿಹಿತವಾದ ವಿನಾಶದ ಸೂಚನೆ ಎಂಬುದು ಅದರ ಅರ್ಥ. ಇದನ್ನು ಕನ್ನಡದಲ್ಲಿ ‘ಗೋಡೆಬರೆಹ’ ಎಂದರೆ ಚುನಾವಣೆಯ ಘೋಷಣೆಯೋ ಜಾಹೀರಾತೋ ಕಣ್ಣಿಗೆ ಕಟ್ಟುತ್ತದೆ. ಪದಗಳು ದಾಟಿಬಂದರೂ ಕಥೆ ದಾಟಿಬಂದಿಲ್ಲ. ಗೋಡೆಬರೆಹಕ್ಕೆ ನಮ್ಮಲ್ಲಿ ಬೇರೊಂದು ಬಾಳು ಮೊದಲೇ ಇತ್ತು.

6. ಉಪಸಂಹಾರ

ಮೇಲಿನ ಸಾಕ್ಷ್ಯಗಳು ನಿಘಂಟುಕಾರರಿಗೂ ಬೋಧಕರಿಗೂ ಒಂದು ಹೊಣೆಯನ್ನು ಒಪ್ಪಿಸುತ್ತವೆ. ನುಡಿಗಟ್ಟಿನ ಹುಟ್ಟುಕಥೆಯನ್ನು ಅದರ ಅರ್ಥವೆಂದು ಕಲಿಸುವುದು ಸಲಿಕೆಯ ವಿಷಯದಲ್ಲಿ ಅನಗತ್ಯ, ಹನಿಯ ವಿಷಯದಲ್ಲಿ ತಪ್ಪುದಾರಿ. ದಾಖಲಿಸಬೇಕಾದದ್ದು ಪ್ರತಿಯೊಂದು ರೂಪ ಯಾವಾಗ, ಯಾವ ಉಪಸರ್ಗ ಅಥವಾ ವಿಭಕ್ತಿಯೊಡನೆ, ಯಾವ ಕ್ರಿಯಾಪದದ ಜತೆಯಲ್ಲಿ ಕಾಣಿಸಿಕೊಂಡಿತೆಂಬುದನ್ನು. ಕನ್ನಡದ ಎರವಲು ನುಡಿಗಟ್ಟುಗಳಿಗೆ ಇಂಥ ಕಾಲಾನುಕ್ರಮದ ದಾಖಲೆ ಸಿದ್ಧವಾದರೆ, ಯಾವುದು ಕನ್ನಡದ ಜಾಯಮಾನಕ್ಕೆ ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬ ತೀರ್ಮಾನವನ್ನು ಅಭಿರುಚಿಗೆ ಬಿಡಬೇಕಾಗಿಲ್ಲ. ‘ಪಾತ್ರ ವಹಿಸು’ ಎಂಬಲ್ಲಿ ಕನ್ನಡ ತನಗೆ ಬೇಕಾದ ಕ್ರಿಯಾಪದವನ್ನು ತಾನೇ ಆರಿಸಿಕೊಂಡಿದೆ. ಆ ಆಯ್ಕೆ ನಡೆದಿರುವ ಕಡೆ ಪ್ರಯೋಗವನ್ನು ಪರಕೀಯವೆಂದು ಕರೆಯಲು ನಮಗೆ ಆಧಾರವಿಲ್ಲ.