ದಾರಿ ತಪ್ಪಿದವರನ್ನು ಹುಡುಕಿ ಹೊರಟವರು



ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೆ ಮಳೆಗಾಲ ಕಾಲಿಡುವ ಜೂನ್ ತಿಂಗಳಲ್ಲೇ ಮೆಂಥೋನಿನ ಸಂತ ಬರ್ನಾರ್ಡರ ಸ್ಮರಣೆಯೂ ಬರುತ್ತದೆ. ಆಗಸ್ಟಿನಲ್ಲಿ ನಾವು ಸ್ಮರಿಸುವ ಕ್ಲೇರ್ವೋದ ಮಠಾಧಿಪತಿ ಬರ್ನಾರ್ಡರು ಬೇರೆ, ಇವರು ಬೇರೆ. ಹನ್ನೊಂದನೆಯ ಶತಮಾನದ ಈ ಗುರುಗಳು ಇಟಲಿ ಮತ್ತು ಸ್ವಿಟ್ಜರ್ಲೆಂಡ್ ನಡುವಣ ಆಲ್ಪ್ಸ್ ಘಟ್ಟದ ನೆತ್ತಿಯಲ್ಲಿ, 2,469 ಮೀಟರ್ ಎತ್ತರದಲ್ಲಿ, ಸುಮಾರು 1050ರ ಹೊತ್ತಿಗೆ ಒಂದು ಛತ್ರ ಕಟ್ಟಿಸಿದರು. ರೋಮ್ ನಗರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರು ಹಿಮದಲ್ಲಿ ದಾರಿ ತಪ್ಪಿ ಸಾಯುತ್ತಿದ್ದ ಜಾಗವದು.

ಛತ್ರ ಕಟ್ಟಿಸಿದ ಪುಣ್ಯಾತ್ಮರು ಬಹಳ ಜನ ಇದ್ದಾರೆ. ಇಲ್ಲಿನ ವಿಶೇಷವೆಂದರೆ, ಅಲ್ಲಿನ ಸನ್ಯಾಸಿಗಳು ಬಾಗಿಲು ತೆರೆದಿಟ್ಟು ಒಳಗೆ ಕುಳಿತಿರಲಿಲ್ಲ. ಹಿಮ ಬಿದ್ದ ದಿನ ಉದ್ದನೆಯ ಕೋಲು ಹಿಡಿದು ದಾರಿಗಿಳಿದು, ಯಾರಾದರೂ ಹೂತುಹೋಗಿದ್ದಾರೆಯೇ ಎಂದು ಹುಡುಕಿ ಬರುತ್ತಿದ್ದರು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಅವರ ಬಳಿ ದೊಡ್ಡ ನಾಯಿಗಳೂ ಇದ್ದವು. ಅವುಗಳಲ್ಲಿ ಬ್ಯಾರಿ ಎಂಬ ನಾಯಿ (1800-1814) ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಹೇಳುತ್ತಾರೆ. ಚಿತ್ರಗಳಲ್ಲಿ ಕಾಣುವ ಕೊರಳಿನ ಪುಟ್ಟ ಪೀಪಾಯಿ ಮಾತ್ರ ಚಿತ್ರಕಾರನ ಕಲ್ಪನೆ. ನಿಜವಾದ ಕಥೆಗೆ ಅದರ ಅಗತ್ಯವೂ ಇಲ್ಲ. 1923ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಈ ಬರ್ನಾರ್ಡರನ್ನು ಪರ್ವತವಾಸಿಗಳ ಮತ್ತು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. ಹಾಗೆ ಸಾರಿದವರಿಗೂ ಬೆಟ್ಟದ ಅನುಭವವಿತ್ತು. 1889ರಲ್ಲಿ, ಇನ್ನೂ ಫಾದರ್ ಅಕಿಲೆ ರಾಟ್ಟಿ ಆಗಿದ್ದಾಗ, ಅವರು ಮಾಂಟೆ ರೋಸಾ ಪರ್ವತವನ್ನು ಹತ್ತಿ ಬಂಡೆಯ ಅಂಚಿನಲ್ಲಿ ಒಂದು ರಾತ್ರಿ ಕಳೆದಿದ್ದರು.

ನಮ್ಮ ಆಗುಂಬೆ, ಹುಲಿಕಲ್ ಘಟ್ಟಗಳಲ್ಲಿ ಹಿಮವಿಲ್ಲ, ಇಂಥ ಸನ್ಯಾಸಿಗಳ ಛತ್ರವೂ ಇರಲಿಲ್ಲ. ನಮ್ಮ ಎಷ್ಟೋ ಕುಟುಂಬಗಳ ಹಿರಿಯರು ಕರಾವಳಿಯಿಂದ ಈ ಘಟ್ಟಗಳನ್ನು ಹತ್ತಿಯೇ ಮಲೆನಾಡಿಗೆ ಬಂದವರು. ಅಂದಿನ ಕಾಡಿನಲ್ಲಿ ದಾರಿ ತಪ್ಪಿದವನಿಗೆ ಆಸರೆಯಾಗಿದ್ದುದು ಒಂದೇ, ಕೂಗು. ‘ಕೂಗಳತೆ ದೂರ’ ಎಂಬ ಮಾತನ್ನು ನಾವು ಇಂದಿಗೂ ಆಡುತ್ತೇವೆ. ಒಂಟಿಮನೆಗಳ ಈ ಸೀಮೆಯಲ್ಲಿ ಒಂದು ಮನೆಯ ಕೂಗು ಇನ್ನೊಂದು ಮನೆಗೆ ಕೇಳಬೇಕಿತ್ತು. ದನ ಹುಡುಕಲು ಹೋದವನು ಕತ್ತಲಾದರೂ ಬರಲಿಲ್ಲವೆಂದರೆ ಅಕ್ಕಪಕ್ಕದ ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಸೂಡಿ, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಕೂ ಹಾಕುವುದು, ನಿಲ್ಲುವುದು, ಕಿವಿಗೊಡುವುದು, ಮತ್ತೆ ಮುಂದಕ್ಕೆ. ಸಿಕ್ಕವನಿಗೆ ನಡೆಯಲಾಗದಿದ್ದರೆ ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಜೋಲಿಯಲ್ಲಿ ಹೊತ್ತು ತರುತ್ತಿದ್ದರು. ಇದಕ್ಕೆ ಸಂಘವಿರಲಿಲ್ಲ, ಕೂಲಿಯಿರಲಿಲ್ಲ, ದಾಖಲೆಯೂ ಇಲ್ಲ. ಆದ್ದರಿಂದ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಕೆಳದಿಯ ಅರಸರು ಸಿಗುತ್ತಾರೆ, ಈ ಜನ ಸಿಗುವುದಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಕಷ್ಟದ ರೂಪ ಬದಲಾಯಿತು. ಗದ್ದೆ, ತೋಟ, ರಸ್ತೆಗಳು ಶರಾವತಿಯ ಹಿನ್ನೀರಿನಡಿ ಹೋದವು. ತುಮರಿಯ ಕಡೆಯ ಹಳ್ಳಿಗಳು ತಾಲ್ಲೂಕು ಕೇಂದ್ರವಾದ ಸಾಗರದಿಂದ ದೂರ ಉಳಿದವು. ಹೊಳೆಬಾಗಿಲಿನ ಲಾಂಚ್ ದಶಕಗಳ ಕಾಲ ಅವರ ದಾರಿಯಾಗಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಆ ನೀರೇ ಅಡ್ಡಗೋಡೆ. ಬೇಸಿಗೆಯಲ್ಲಿ ನೀರಿಳಿದಾಗ, ಮುಳುಗಿದ ಕಾಡಿನ ಒಣ ಬೊಡ್ಡೆಗಳು ಮೇಲೆದ್ದು ದೋಣಿಗೆ ಅಪಾಯ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಉದ್ದ ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಪ್ರವಾಸಿಗರು ಅದರ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಬೇಡವೆನ್ನಲಾರೆ. ಆದರೆ ರೋಗಿಯನ್ನು ದಡದಲ್ಲಿ ಮಲಗಿಸಿಕೊಂಡು ಕಾದವರ ಮನೆಗಳಲ್ಲಿ ಆ ಸೇತುವೆಯ ಅರ್ಥವೇ ಬೇರೆ.

ಈಗ ಕಾಡಿನಲ್ಲಿ ಕಳೆದುಹೋಗುವವರು ಹೆಚ್ಚಾಗಿ ಊರಿನವರಲ್ಲ, ವಾರದ ಕೊನೆಗೆ ಬರುವ ಅತಿಥಿಗಳು. ಹುಡುಕುವವರು ಮಾತ್ರ ಹಳಬರೇ. 2023ರ ಜುಲೈನಲ್ಲಿ ಕೊಡಚಾದ್ರಿಯ ಬುಡದ, ಕೊಲ್ಲೂರು ಬಳಿಯ ಅರಸಿನಗುಂಡಿ ಜಲಪಾತದಲ್ಲಿ ಭದ್ರಾವತಿಯ ಯುವಕನೊಬ್ಬ ಬಂಡೆಯ ಮೇಲಿಂದ ಜಾರಿ ಬಿದ್ದನು. ಸ್ನೇಹಿತನ ಮೊಬೈಲಿನಲ್ಲಿ ಆ ಗಳಿಗೆ ದಾಖಲಾಗಿ ನಾಡೆಲ್ಲ ಹರಿದಾಡಿತು. ಆಮೇಲಿನ ಸುಮಾರು ಒಂದು ವಾರವನ್ನು ನೋಡಿದವರು ಕಡಿಮೆ. ಸುರಿಯುವ ಮಳೆಯಲ್ಲಿ ಪಾಚಿಗಟ್ಟಿದ ಬಂಡೆಗಳ ನಡುವೆ ಊರಿನವರೂ ರಕ್ಷಣಾ ಸಿಬ್ಬಂದಿಯೂ ದಿನದಿನವೂ ಹುಡುಕಿದರು. ಚಿತ್ರದುರ್ಗದ ಜ್ಯೋತಿರಾಜ್ ಕೂಡ ಬಂದರು. ಕೊನೆಗೆ ಸಿಕ್ಕಿದ್ದು ಶರೀರ. ಬದುಕಿಲ್ಲವೆಂದು ಬಲ್ಲವರೂ ಹುಡುಕುವುದನ್ನು ಏಕೆ ಬಿಡುವುದಿಲ್ಲವೆಂದು ಕೇಳುವವರಿದ್ದಾರೆ. ಮಣ್ಣು ಕೊಡಲು ಶರೀರವಿಲ್ಲದ ಮನೆಗೆ ಒಮ್ಮೆ ಸಾಂತ್ವನ ಹೇಳಲು ಹೋದರೆ ಸಾಕು, ಆ ಪ್ರಶ್ನೆ ಬಾಯಿಗೆ ಬಾರದು.

ಕೋತಿರಾಜ್ ಎಂದೇ ಹೆಸರಾದ ಈ ಜ್ಯೋತಿರಾಜ್, ಹಗ್ಗದ ಆಸರೆಯಿಲ್ಲದೆ ಚಿತ್ರದುರ್ಗದ ಕೋಟೆಗೋಡೆ ಹತ್ತಿ ಪ್ರಸಿದ್ಧರಾದವರು. 253 ಮೀಟರ್ ಆಳದ ಜೋಗದ ಗುಂಡಿಗೆ ಇಳಿದು ಶರೀರಗಳನ್ನು ಹುಡುಕಿದವರೂ ಅವರೇ. 2018ರ ಜನವರಿ ಕೊನೆಯಲ್ಲಿ ಹಾಗೆ ಒಬ್ಬ ಯುವಕನನ್ನು ಹುಡುಕಲು ಇಳಿದವರು ಸಂಜೆಯಾದರೂ ಮೇಲೆ ಬರಲಿಲ್ಲ. ಈಗ ಹುಡುಕಲು ಹೋದವರನ್ನೇ ಹುಡುಕಬೇಕಾಯಿತು. ಮರುದಿನ ಅವರು ಜೀವಂತವಾಗಿ ಸಿಕ್ಕರು. ಒಬ್ಬರ ಅಜಾಗರೂಕತೆಯ ಬೆಲೆಯನ್ನು ಯಾರು ತೆರುತ್ತಾರೆಂದು ತಿಳಿಯಲು ಆ ಒಂದು ರಾತ್ರಿಯನ್ನು ನೆನೆಯಬೇಕು.

ಸರ್ಕಾರದ ವ್ಯವಸ್ಥೆ ಇಲ್ಲವೆಂದಲ್ಲ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ 2006ರಿಂದ ಇದೆ, ರಾಜ್ಯದ ಪಡೆಯೂ ಅಗ್ನಿಶಾಮಕ ದಳವೂ ಇವೆ. ಆದರೆ ಬೆಂಗಳೂರಿನಿಂದ ಜೋಗಕ್ಕೆ ಸುಮಾರು 400 ಕಿಲೋಮೀಟರ್. ಮೊದಲ ಕೆಲವು ಗಂಟೆ ಹತ್ತಿರದ ಮನೆಯವನೇ ಗತಿ. ಅವನಿಗೆ ಮಳೆಗಾಲದಲ್ಲಿ ಇಂಬಳ, ಜಾರುವ ಕಾಲುಸಂಕ. ಡಿಸೆಂಬರಿನಿಂದ ಮೇ ತನಕ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವು ಜೀವಗಳನ್ನು ತೆಗೆದುಕೊಂಡಿತು. ತರಗೆಲೆಯ ಮೇಲೆ ಕೂರಬೇಡಿ, ಮೈಗೆ ಎಣ್ಣೆ ಹಚ್ಚಿ ಎಂದು ಆರೋಗ್ಯ ಇಲಾಖೆ ಹೇಳುವುದು ಸುಮ್ಮನಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು, ಆ ವರ್ಷದ ಅಕ್ಟೋಬರಿನಲ್ಲಿ ಚಾರಣಪಥಗಳಿಗೆ ಆನ್‌ಲೈನ್ ನೋಂದಣಿಯನ್ನೂ ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿಯನ್ನೂ ತಂದಿತು. ಇದರಿಂದ ತೊಂದರೆಯೆಂದು ಗೊಣಗುವವರಿದ್ದಾರೆ. ನನಗಂತೂ ಅದು ಹುಡುಕುವವನಿಗೆ ಕೊಟ್ಟ ಸಹಾಯವಾಗಿ ಕಾಣುತ್ತದೆ. ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂಬ ಲೆಕ್ಕವಿಲ್ಲದೆ ಯಾರನ್ನು ಹುಡುಕುವುದು? ನಮ್ಮ ಯುವಜನರು ಕೊಡಚಾದ್ರಿಗೋ ಕವಲೇದುರ್ಗಕ್ಕೋ ಹೊರಡುವಾಗ ಹೆಸರುಗಳ ಚೀಟಿಯನ್ನು, ಹಿಂತಿರುಗುವ ಹೊತ್ತನ್ನೂ ಬರೆದು, ಮನೆಯಲ್ಲಿ ಒಂದು ಪ್ರತಿ, ಬುಡದ ಊರಿನ ಪರಿಚಿತರಲ್ಲಿ ಒಂದು ಪ್ರತಿ ಇಡಲಿ. ಹೊತ್ತು ಮೀರಿದರೆ 112ಕ್ಕೆ ಕರೆ ಮಾಡಲು ಮನೆಯವರಿಗೆ ಅಷ್ಟು ಸಾಕು.

ಇನ್ನೊಂದು ನಂಬಿಕೆಯನ್ನು ತಿದ್ದಬೇಕು. ದಾರಿ ತಪ್ಪಿದರೆ ಹಳ್ಳದ ಜೊತೆ ಇಳಿ, ಊರು ಸಿಗುತ್ತದೆ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಅದು ಸರಿಯಿರಬಹುದು. ಘಟ್ಟದ ಪಶ್ಚಿಮದ ಅಂಚಿನಲ್ಲಿ ಹಳ್ಳವು ಊರಿಗೆ ಮೊದಲು ಜಲಪಾತದ ನೆತ್ತಿಗೆ ಕರೆದೊಯ್ಯುತ್ತದೆ. ದಾರಿ ತಪ್ಪಿದೆನೆಂದು ಗೊತ್ತಾದ ಕೂಡಲೇ ನಿಂತಲ್ಲೇ ನಿಲ್ಲುವುದು ಒಳ್ಳೆಯದು, ಏಕೆಂದರೆ ಕೂಗುವವರು ಕೊನೆಯದಾಗಿ ಕಂಡ ಜಾಗದಿಂದಲೇ ಆರಂಭಿಸುತ್ತಾರೆ. ನಡೆಯಲೇಬೇಕಾದರೆ ಮನುಷ್ಯನ ಕೈಯ ಗುರುತನ್ನು ಹುಡುಕಬೇಕು. 2019ರ ಸೆಪ್ಟೆಂಬರಿನಲ್ಲಿ ಅದೇ ಕುಮಾರಪರ್ವತದಲ್ಲಿ ಜೊತೆಗಾರರಿಂದ ಬೇರೆಯಾದ ಬೆಂಗಳೂರಿನ ಯುವಕನೊಬ್ಬನಿಗಾಗಿ ಊರಿನವರು, ಪೊಲೀಸರು, ಅರಣ್ಯ ಸಿಬ್ಬಂದಿ ಬೆಟ್ಟವನ್ನೆಲ್ಲ ಹುಡುಕುತ್ತಿದ್ದರು. ಅವನ ಕಣ್ಣಿಗೆ ಕಾಡಿನ ನಡುವೆ ನೀರಿನ ಪೈಪೊಂದು ಬಿತ್ತು. ಅದನ್ನೇ ಹಿಡಿದು ನಡೆದು ಎರಡು ದಿನಗಳ ನಂತರ ಸುಬ್ರಹ್ಮಣ್ಯಕ್ಕೆ ಬಂದು ಸೇರಿದನು.